ಇಂಗ್ಲಿಷ್ ಪಾಠ ಹೇಳುತ್ತಾ ಕನ್ನಡ ಕಟ್ಟಿದ ಬಿ.ಎಂ.ಶ್ರೀ.

(ಹಳೆಯ ವಿದ್ಯಾರ್ಥಿ, ಬಿ.ಇ., ಸಾಫ್ಟ್‌ವೇರ್ ಇಂಜಿನಿಯರ್, ಬೆಂಗಳೂರು)

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಒಬ್ಬ ಹಿರಿಯರ ಜೀವನವನ್ನು ಪರಿಚಯಿಸುವ ಲೇಖನ ಬೇಕೆಂದು ಸಮಿತಿಯವರು ಕೇಳಿದಾಗ, ಇಂಜಿನಿಯರ್ ಆದ ನಾನು ವಿಜ್ಞಾನಿಯೊಬ್ಬರ ಬಗ್ಗೆ ಬರೆಯುತ್ತೇನೆಂದು ಅವರು ಎಣಿಸಿದ್ದಿರಬಹುದು. ನಾನು ಆರಿಸಿಕೊಂಡದ್ದು ಆಚಾರ್ಯ ಬಿ.ಎಂ. ಶ್ರೀಕಂಠಯ್ಯನವರನ್ನು. ಕಾರಣವಿದೆ. ಹತ್ತನೆಯ ತರಗತಿ ಮುಗಿದ ಕೂಡಲೇ ನಮ್ಮ ಊರಿನ ಮನೆಗಳಲ್ಲಿ ಒಂದೇ ಪ್ರಶ್ನೆ ಏಳುತ್ತದೆ: ಮುಂದೆ ಏನು ಓದಿಸುವುದು? ಅಂಕ ಹೆಚ್ಚು ಬಂದರೆ ವಿಜ್ಞಾನ, ನಡುವೆ ಬಂದರೆ ವಾಣಿಜ್ಯ, ಉಳಿದವರಿಗೆ ಕಲಾ ವಿಭಾಗ ಎಂಬುದು ಹೇಳದೆಯೇ ಜಾರಿಯಲ್ಲಿರುವ ಕಾನೂನು. ಭಾಷೆ, ಸಾಹಿತ್ಯ ಓದುತ್ತೇನೆ ಎಂದ ಮಗುವನ್ನು ಬಂಧುಗಳು ಕನಿಕರದಿಂದ ನೋಡುತ್ತಾರೆ. ಹೋದ ವರ್ಷ ನಮ್ಮ ಕುಟುಂಬದ ಹುಡುಗಿಯೊಬ್ಬಳು ಕನ್ನಡ ಎಂ.ಎ. ಮಾಡುತ್ತೇನೆಂದಾಗಲೂ ಹಾಗೆಯೇ ಆಯಿತು. ಆ ಎಂ.ಎ. ತರಗತಿ ನಮ್ಮ ನಾಡಿನ ವಿಶ್ವವಿದ್ಯಾನಿಲಯದಲ್ಲಿ ಹೇಗೆ ಹುಟ್ಟಿತು, ಅದಕ್ಕಾಗಿ ಯಾರು ದುಡಿದರು ಎಂಬುದನ್ನು ಅವಳಿಗೆ ಹೇಳಲೆಂದು ನಾನು ಓದಿ ತಿಳಿದುಕೊಂಡ ಸಂಗತಿಗಳೇ ಈ ಲೇಖನ.

ಬಿ.ಎಂ.ಶ್ರೀ. ಎಂದರೆ ನಮಗೆಲ್ಲ ಮೊದಲು ನೆನಪಾಗುವುದು ಪಠ್ಯಪುಸ್ತಕದ ಪದ್ಯಗಳು. ತಂದೆಯ ಕೋಪಕ್ಕೆ ಹೆದರಿ ನಲ್ಲನೊಡನೆ ಬಿರುಗಾಳಿಯಲ್ಲೇ ದೋಣಿ ಏರಿ ನೀರುಪಾಲಾದ ‘ಕಾರಿಹೆಗ್ಗಡೆಯ ಮಗಳು’ ಪದ್ಯವನ್ನು ಬಾಯಿಪಾಠ ಮಾಡದ ಹಳಬರು ಕಡಮೆ. ಕರುಣೆಯ ಬೆಳಕು ಬಂದು ಕೈಹಿಡಿದು ನಡೆಸಲೆಂದು ಬೇಡುವ ‘ಪ್ರಾರ್ಥನೆ’ಯನ್ನು ರಾಜ್ಯದ ಎಷ್ಟೋ ಶಾಲೆಗಳ ಅಂಗಳದಲ್ಲಿ ಬೆಳಿಗ್ಗೆ ಹಾಡುತ್ತಾರೆ. ಇವೆರಡೂ ಇಂಗ್ಲಿಷಿನಿಂದ ಬಂದವು ಎಂಬುದು ಹಾಡುವವರಲ್ಲಿ ಅನೇಕರಿಗೆ ಗೊತ್ತಿರುವುದಿಲ್ಲ. ಮೊದಲನೆಯದು ಸ್ಕಾಟ್ಲೆಂಡಿನ ಕವಿ ಥಾಮಸ್ ಕ್ಯಾಂಬೆಲ್ ಬರೆದದ್ದು. ಎರಡನೆಯದು ಜಾನ್ ಹೆನ್ರಿ ನ್ಯೂಮನ್ 1833ರಲ್ಲಿ ಹಡಗಿನ ಪ್ರಯಾಣದಲ್ಲಿ ಬರೆದ ಪ್ರಾರ್ಥನೆ. ಅನುವಾದವೆಂದು ಗೊತ್ತಾಗದಷ್ಟು ಅವು ನಮ್ಮವಾಗಿವೆ.

ಬೆಳ್ಳೂರು ಮೈಲಾರಯ್ಯ ಶ್ರೀಕಂಠಯ್ಯನವರು ಹುಟ್ಟಿದ್ದು 1884ರ ಜನವರಿ 3ರಂದು, ತುಮಕೂರು ಜಿಲ್ಲೆಯ ಸಂಪಿಗೆ ಗ್ರಾಮದಲ್ಲಿ, ತಾಯಿಯ ತವರಿನಲ್ಲಿ. ಬೆಳ್ಳೂರು ಈಗಿನ ಮಂಡ್ಯ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಊರು. ತಂದೆ ವಕೀಲರು. ಬಾಲ್ಯ ಕಳೆದದ್ದು ಶ್ರೀರಂಗಪಟ್ಟಣದಲ್ಲಿ, ಕಾವೇರಿಯ ದಡದಲ್ಲಿ. ತಲಕಾವೇರಿಯಲ್ಲಿ ಹುಟ್ಟಿ ನಮ್ಮ ಜಿಲ್ಲೆಯಿಂದ ಹರಿದುಹೋಗುವ ನೀರೇ ಅವರ ಊರನ್ನೂ ಸುತ್ತಿಕೊಂಡು ಹೋಗುತ್ತದೆ ಎಂಬುದು ಕೊಡಗಿನವರಾದ ನಮಗೆ ಒಂದು ಸಣ್ಣ ಸಂತೋಷ. ಮುಂದೆ ಮೈಸೂರಿನಲ್ಲಿ ಓದಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಬಿ.ಎ. ಮುಗಿಸಿ, ಮದ್ರಾಸಿನಲ್ಲಿ ಬಿ.ಎಲ್. ಮತ್ತು ಎಂ.ಎ. ಪದವಿಗಳನ್ನು ಪಡೆದರು. ಕಾನೂನು ಪದವಿ ಕೈಯಲ್ಲಿತ್ತು, ಮನೆಯಲ್ಲಿ ವಕೀಲಿ ವೃತ್ತಿಯ ದಾರಿ ತೆರೆದೇ ಇತ್ತು. ಅವರು ಹಿಡಿದದ್ದು ಮೇಷ್ಟರ ಕೆಲಸವನ್ನು. 1909ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿಗೆ ಇಂಗ್ಲಿಷ್ ಅಧ್ಯಾಪಕರಾಗಿ ಸೇರಿದರು.

ಆಗಿನ ಸ್ಥಿತಿಯನ್ನು ನೆನೆಯಬೇಕು. ಮೈಸೂರಿಗೆ ತನ್ನದೇ ವಿಶ್ವವಿದ್ಯಾನಿಲಯ ಇರಲಿಲ್ಲ. ಅಲ್ಲಿನ ಕಾಲೇಜುಗಳು 1857ರಲ್ಲಿ ಸ್ಥಾಪನೆಯಾದ ಮದ್ರಾಸ್ ವಿಶ್ವವಿದ್ಯಾನಿಲಯಕ್ಕೆ ಸೇರಿದ್ದವು. ನಮ್ಮ ಕೊಡಗಿನಲ್ಲಂತೂ ಕಾಲೇಜೇ ಇರಲಿಲ್ಲ. ಮಡಿಕೇರಿಯಲ್ಲಿ ಸರ್ಕಾರಿ ಕಾಲೇಜು ಆರಂಭವಾದದ್ದು 1949ರಲ್ಲಿ. ಕನ್ನಡ ಮಾತನಾಡುವ ಜನ ಮೈಸೂರು ಸಂಸ್ಥಾನ, ಮುಂಬಯಿ ಪ್ರಾಂತ, ಮದ್ರಾಸ್ ಪ್ರಾಂತ, ಹೈದರಾಬಾದ್ ಸಂಸ್ಥಾನ, ಕೊಡಗು ಎಂದು ಹರಿದು ಹಂಚಿಹೋಗಿದ್ದರು. ವಿದ್ಯಾವಂತರು ಪತ್ರ ಬರೆಯುವುದು, ಭಾಷಣ ಮಾಡುವುದು ಇಂಗ್ಲಿಷಿನಲ್ಲಿ. ಕನ್ನಡ ಪಂಡಿತರಿಗೆ ಕಾಲೇಜಿನಲ್ಲಿ ಇಂಗ್ಲಿಷ್ ಪ್ರೊಫೆಸರರ ಸಂಬಳವಾಗಲಿ ಸ್ಥಾನವಾಗಲಿ ಇರಲಿಲ್ಲ. ಆ ಎತ್ತರದ ಸ್ಥಾನದಲ್ಲಿ ಕುಳಿತಿದ್ದವರು ಬಿ.ಎಂ.ಶ್ರೀ. ಅಲ್ಲೇ ಸುಖವಾಗಿ ಕುಳಿತಿದ್ದರೂ ಅವರನ್ನು ಯಾರೂ ಕೇಳುತ್ತಿರಲಿಲ್ಲ.

1911ರಲ್ಲಿ ಅವರು ಧಾರವಾಡಕ್ಕೆ ಹೋಗಿ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ಭಾಷಣ ಮಾಡಿದರು. ವಿಷಯ, ಕನ್ನಡ ಮಾತು ತಲೆಯೆತ್ತುವ ಬಗೆ. ಕೇಳುಗರ ಮುಂದಿದ್ದವರು ಇಪ್ಪತ್ತೇಳು ವರ್ಷದ ಇಂಗ್ಲಿಷ್ ಮೇಷ್ಟರು. ಜನರಿಗೆ ತಿಳಿಯುವ ಹೊಸಗನ್ನಡದಲ್ಲಿ ಬರೆಯಬೇಕು, ಹಳೆಯ ಕಟ್ಟುಗಳಿಗೆ ಜೋತುಬೀಳಬಾರದು, ಇಂಗ್ಲಿಷಿನಂಥ ಭಾಷೆಗಳಿಂದ ಹೊಸ ವಿಚಾರ, ಹೊಸ ರೂಪಗಳನ್ನು ತಂದುಕೊಳ್ಳಬೇಕು ಎಂಬುದು ಅವರ ವಾದದ ತಿರುಳು. ಕನ್ನಡದ ಮೇಲಿನ ಅಭಿಮಾನವನ್ನು ಇಂಗ್ಲಿಷಿನ ಮೇಲಿನ ದ್ವೇಷವಾಗಿ ಅವರು ಮಾಡಿಕೊಳ್ಳಲಿಲ್ಲ. ಒಂದು ಭಾಷೆಯನ್ನು ಆಳವಾಗಿ ಓದಿದವನಿಗೆ ಇನ್ನೊಂದರ ಕೊರತೆ, ಶಕ್ತಿ ಎರಡೂ ಕಾಣುತ್ತವೆ. ಅವರ ಇಡೀ ಬದುಕು ಈ ಮಾತಿಗೆ ಸಾಕ್ಷಿಯಂತಿದೆ.

ಹೇಳಿದ್ದನ್ನು ಮಾಡಿ ತೋರಿಸಲು ಅವರಿಗೆ ಹಲವು ವರ್ಷ ಹಿಡಿಯಿತು. ತರಗತಿಯಲ್ಲಿ ಪಾಠ ಹೇಳುತ್ತಿದ್ದ ಇಂಗ್ಲಿಷ್ ಭಾವಗೀತೆಗಳನ್ನೇ ಕನ್ನಡಕ್ಕೆ ತರತೊಡಗಿದರು. ಅವುಗಳಲ್ಲಿ ಅರವತ್ತರಷ್ಟು ಕವಿತೆಗಳು ಸೇರಿ 1926ರಲ್ಲಿ ‘ಇಂಗ್ಲಿಷ್ ಗೀತಗಳು’ ಪುಸ್ತಕವಾಯಿತು. ಇಂಥ ಪ್ರಯತ್ನ ಮಾಡಿದವರಲ್ಲಿ ಅವರೇ ಮೊದಲಿಗರಲ್ಲ. ಹಟ್ಟಿಯಂಗಡಿ ನಾರಾಯಣರಾಯರ ‘ಆಂಗ್ಲ ಕವಿತಾವಳಿ’ 1919ರಲ್ಲೇ ಬಂದಿತ್ತು. ಮಂಜೇಶ್ವರದ ಗೋವಿಂದ ಪೈಗಳು ಸಾಲಿನ ಎರಡನೆಯ ಅಕ್ಷರದ ಪ್ರಾಸವನ್ನು ಬಿಟ್ಟು ಬರೆಯುವ ಧೈರ್ಯವನ್ನು ಮೊದಲೇ ತೋರಿಸಿದ್ದರು. ನಮ್ಮ ಜಿಲ್ಲೆಗೆ ‘ಹುತ್ತರಿ ಹಾಡು’ ಕೊಟ್ಟ, ಮಡಿಕೇರಿಯಲ್ಲಿ ಮುಖ್ಯೋಪಾಧ್ಯಾಯರಾಗಿದ್ದ ಪಂಜೆ ಮಂಗೇಶರಾಯರು ಮಕ್ಕಳಿಗಾಗಿ ಹೊಸ ಧಾಟಿಯ ಪದ್ಯಗಳನ್ನು ಬರೆದಿದ್ದರು. ಆದರೆ ಒಂದೇ ಪುಸ್ತಕದಲ್ಲಿ ಇಷ್ಟೊಂದು ಬಗೆಯ ಹೊಸ ಧಾಟಿಗಳನ್ನು ಒಟ್ಟಿಗೆ ಇಟ್ಟು, ಮುಂದಿನ ಕವಿಗಳಿಗೆ ದಾರಿಯಾಗುವಂತೆ ಮಾಡಿದವರು ಬಿ.ಎಂ.ಶ್ರೀ.

ಆ ಕೆಲಸದ ಒಳಗುಟ್ಟನ್ನು ಸ್ವಲ್ಪ ನೋಡೋಣ. ಹಳೆಯ ಕಾವ್ಯದಲ್ಲಿ ಕಂದ, ವೃತ್ತ, ಷಟ್ಪದಿ ಎಂಬ ಗೊತ್ತಾದ ಅಚ್ಚುಗಳಿದ್ದವು, ಕವಿ ಅವುಗಳೊಳಗೆ ಮಾತನ್ನು ಹೊಂದಿಸಬೇಕಿತ್ತು. ಬಿ.ಎಂ.ಶ್ರೀ. ಅಚ್ಚನ್ನು ಬಿಚ್ಚಿ ಅದರೊಳಗಿನ ಮೂರು, ನಾಲ್ಕು, ಐದು ಮಾತ್ರೆಗಳ ಗಣಗಳನ್ನು ಮಾತ್ರ ತೆಗೆದುಕೊಂಡರು. ಒಂದು ಸಾಲಿಗೆ ಎಷ್ಟು ಗಣ, ಒಂದು ಪದ್ಯಕ್ಕೆ ಎಷ್ಟು ಸಾಲು, ಪ್ರಾಸ ಎಲ್ಲಿ ಬರಬೇಕು ಎಂಬುದನ್ನು ಕವಿತೆಯ ಭಾವವೇ ನಿರ್ಧರಿಸುವಂತೆ ಮಾಡಿದರು. ಹೀಗಾಗಿ ಲಯ ಕನ್ನಡದ್ದೇ ಆಗಿ ಉಳಿಯಿತು, ಕಟ್ಟಡ ಮಾತ್ರ ಹೊಸದಾಯಿತು. ಕಥೆಯನ್ನೂ ಹಾಗೆಯೇ ಒಗ್ಗಿಸಿದರು. ಸ್ಕಾಟ್ಲೆಂಡಿನ ಒಡೆಯ ಹೆಗ್ಗಡೆಯಾದ, ದ್ವೀಪದ ನಾಯಕ ಗೌಡನಾದ, ದೋಣಿಯವನು ಅಂಬಿಗನಾದ. ಅನುವಾದವೆಂದರೆ ಪದಕ್ಕೆ ಪದ ಇಡುವುದಲ್ಲ ಎಂಬ ಪಾಠ ಇದಕ್ಕಿಂತ ಚೆನ್ನಾಗಿ ಎಲ್ಲಿ ಸಿಕ್ಕೀತು?

ಈ ನಡುವೆ ಎರಡು ದೊಡ್ಡ ಸಂಗತಿಗಳು ನಡೆದಿದ್ದವು. 1915ರಲ್ಲಿ ಬೆಂಗಳೂರಿನಲ್ಲಿ ಕನ್ನಡ ಸಾಹಿತ್ಯ ಪರಿಷತ್ತು ಹುಟ್ಟಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಸ್ಥಾಪನೆಯಾಯಿತು. ವಿಶ್ವವಿದ್ಯಾನಿಲಯವೇನೋ ಕನ್ನಡ ನಾಡಿನ ನಡುವೆ ಬಂತು, ಆದರೆ ಕನ್ನಡವನ್ನೇ ಮುಖ್ಯ ವಿಷಯವಾಗಿ ಓದಿ ಎಂ.ಎ. ಪದವಿ ಪಡೆಯುವ ಅವಕಾಶ ಮೊದಲ ಹತ್ತು ವರ್ಷ ಅಲ್ಲಿಯೂ ಇರಲಿಲ್ಲ.

ಓದಲು ಸಾಮಗ್ರಿ ಇರಲಿಲ್ಲವೆಂದಲ್ಲ. ಕಿಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲೇ ಮಂಗಳೂರಿನಲ್ಲಿ ಅಚ್ಚಾಗಿತ್ತು. ಆರ್. ನರಸಿಂಹಾಚಾರ್ಯರ ‘ಕರ್ಣಾಟಕ ಕವಿಚರಿತೆ’ಯ ಮೊದಲ ಸಂಪುಟ 1907ರಲ್ಲಿ ಬಂದಿತ್ತು. ಬಿ.ಎಲ್. ರೈಸ್ ಊರೂರು ತಿರುಗಿ ಶಾಸನಗಳನ್ನು ಪ್ರಕಟಿಸಿದ್ದರು. ಆ ‘ಎಪಿಗ್ರಾಫಿಯಾ ಕರ್ನಾಟಿಕಾ’ ಮಾಲೆಯ ಮೊದಲನೆಯ ಸಂಪುಟವೇ 1886ರ ಕೊಡಗಿನ ಶಾಸನಗಳು ಎಂಬುದನ್ನು ನಮ್ಮ ಮಕ್ಕಳು ತಿಳಿದಿರಬೇಕು. ಮೈಸೂರಿನ ಓರಿಯೆಂಟಲ್ ಲೈಬ್ರರಿಯಲ್ಲಿ ಓಲೆಗರಿಗಳು ಸಂಗ್ರಹವಾಗಿದ್ದವು. ಇಷ್ಟೆಲ್ಲ ಇದ್ದರೂ ಇವನ್ನು ಕ್ರಮವಾಗಿ ಓದಿಸುವ ತರಗತಿ, ಅದಕ್ಕೊಂದು ಪಠ್ಯಕ್ರಮ, ಪಾಠ ಹೇಳಲು ಹುದ್ದೆ, ಪರೀಕ್ಷೆ, ಪದವಿ ಇರಲಿಲ್ಲ. ಬರಿಯ ಅಭಿಮಾನದಿಂದ ಇವು ಹುಟ್ಟುವುದಿಲ್ಲ. ಕಚೇರಿಯಲ್ಲಿ ಕುಳಿತು, ಸಭೆಗಳಲ್ಲಿ ವಾದಿಸಿ, ಕಡತ ಮುಂದೆ ಸಾಗಿಸುವವರು ಬೇಕು.

ಬಿ.ಎಂ.ಶ್ರೀ. ಆ ಕೆಲಸಕ್ಕೂ ಹಿಂದೆಗೆಯಲಿಲ್ಲ. 1926ರಲ್ಲಿ ಅವರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರ್ ಆದರು, 1930ರವರೆಗೆ ಆ ಹೊಣೆ ಹೊತ್ತರು. ಆಗ ಕುಲಪತಿಗಳಾಗಿದ್ದವರು ಬಂಗಾಳದ ತತ್ತ್ವಜ್ಞಾನಿ ಬ್ರಜೇಂದ್ರನಾಥ ಸೀಲ್. 1927ರಲ್ಲಿ ಮಹಾರಾಜಾ ಕಾಲೇಜಿನಲ್ಲಿ ಕನ್ನಡ ಎಂ.ಎ. ತರಗತಿ ಆರಂಭವಾಯಿತು. ಕನ್ನಡದ ಅಧ್ಯಾಪಕರಾಗಿ ಬಂದವರು ಟಿ.ಎಸ್. ವೆಂಕಣ್ಣಯ್ಯನವರು. ಇಂಗ್ಲಿಷ್ ಪ್ರಾಧ್ಯಾಪಕರಾಗಿದ್ದ ಬಿ.ಎಂ.ಶ್ರೀ. ಕನ್ನಡದ ಗೌರವ ಪ್ರಾಧ್ಯಾಪಕರಾಗಿಯೂ ದುಡಿದರು. ವಿಶ್ವವಿದ್ಯಾನಿಲಯ ‘ಕನ್ನಡ ಕೈಪಿಡಿ’ಯನ್ನೂ ಹೊರತಂದಿತು. ಭಾಷೆಯ ಚರಿತ್ರೆ, ಛಂದಸ್ಸು, ಸಾಹಿತ್ಯ ಚರಿತ್ರೆಗಳನ್ನು ಕನ್ನಡದಲ್ಲೇ ಕ್ರಮವಾಗಿ ಹೇಳಿಕೊಡುವ ಆ ಪುಸ್ತಕಕ್ಕೆ ಅವರೂ ಬರೆದರು. ತರಗತಿ ತೆರೆದರೆ ಸಾಲದು, ವಿದ್ಯಾರ್ಥಿಯ ಕೈಗೆ ಪುಸ್ತಕವೂ ಬೇಕು ಎಂಬುದು ಅವರಿಗೆ ಗೊತ್ತಿತ್ತು.

ಆ ಮೊದಲ ತಂಡದಲ್ಲಿ ಓದಿ 1929ರಲ್ಲಿ ಎಂ.ಎ. ಆದವರಲ್ಲಿ ಇಬ್ಬರ ಹೆಸರು ಹೇಳಿದರೆ ಸಾಕು. ಒಬ್ಬರು ಮಲೆನಾಡಿನ ಕುಪ್ಪಳಿಯಿಂದ ಬಂದ ಕುವೆಂಪು. ಹುಡುಗನಾಗಿದ್ದಾಗ ಇಂಗ್ಲಿಷಿನಲ್ಲಿ ಕವಿತೆ ಬರೆದು ಪುಸ್ತಕ ಮಾಡಿದ್ದ ಅವರು ಕನ್ನಡದ ಮಹಾಕವಿಯಾದರು, ಮುಂದೆ ಅದೇ ವಿಶ್ವವಿದ್ಯಾನಿಲಯದ ಕುಲಪತಿಯಾದರು. ಇನ್ನೊಬ್ಬರು ಡಿ.ಎಲ್. ನರಸಿಂಹಾಚಾರ್. ಓಲೆಗರಿಗಳನ್ನು ಒಂದಕ್ಕೊಂದು ಹೋಲಿಸಿ ಹಳೆಯ ಕೃತಿಯ ಸರಿಯಾದ ಪಾಠವನ್ನು ಕಂಡುಹಿಡಿಯುವ ಶಾಸ್ತ್ರದಲ್ಲಿ ಅವರು ಕನ್ನಡಕ್ಕೆ ಗುರುವಾದರು, ‘ವಡ್ಡಾರಾಧನೆ’ಯನ್ನು ಸಂಪಾದಿಸಿಕೊಟ್ಟರು. ಅವರ ಹಿಂದೆಯೇ ಓದಿದ ಜಿ.ಪಿ. ರಾಜರತ್ನಂ ಅವರನ್ನು ಕೊಡಗಿನವರು ಮರೆಯುವಂತಿಲ್ಲ. ಮಡಿಕೇರಿಯ ಮಂಜನ್ನು ಕುಡುಕ ರತ್ನನ ಬಾಯಲ್ಲಿ ಹಾಡಿಸಿದವರು ಅವರು. ಎಂ.ಎ. ಮುಗಿಸಿದ ಕೂಡಲೇ ಇವರೆಲ್ಲರಿಗೂ ಬಾಗಿಲು ತೆರೆದುಕೊಳ್ಳಲಿಲ್ಲ ಎಂಬುದನ್ನೂ ಹೇಳಬೇಕು. ರಾಜರತ್ನಂ ಕೆಲಸಕ್ಕಾಗಿ ಕೆಲವು ಕಾಲ ಅಲೆದಾಡಿದರು, ಆಮೇಲೆ ಕನ್ನಡ ಅಧ್ಯಾಪಕರಾಗಿ ಹೆಸರಾದರು. ಕನ್ನಡ ಓದಿದರೆ ಕೆಲಸ ಸಿಗುವುದೇ ಎಂಬ ಪ್ರಶ್ನೆ ಇಂದಿನದಲ್ಲ, ಆ ತರಗತಿಯಷ್ಟೇ ಹಳೆಯದು.

ಶಿಷ್ಯರು ಬೆಳೆಯುವುದನ್ನು ನೋಡುವುದೇ ಬಿ.ಎಂ.ಶ್ರೀ. ಅವರಿಗೆ ಸಂತೋಷ. ಚಿಕ್ಕ ವಯಸ್ಸಿನಲ್ಲೇ ಪತ್ನಿಯನ್ನು ಕಳೆದುಕೊಂಡ ಅವರು ಮತ್ತೆ ಮದುವೆಯಾಗಲಿಲ್ಲ. ಮನೆಗೆ ಬರುವ ತರುಣ ಬರಹಗಾರರೇ ಅವರ ಬಳಗವಾದರು. ಕನ್ನಡದ ಕಣ್ವ ಎಂದು ಜನ ಅವರನ್ನು ಕರೆದದ್ದು ಇದಕ್ಕೇ. ಶಕುಂತಲೆಯನ್ನು ಸಾಕಿ ಬೆಳೆಸಿದ ಋಷಿಯಂತೆ ಅವರು ಹೊಸ ಸಾಹಿತ್ಯವನ್ನು ಸಾಕಿದರು ಎಂಬ ಭಾವ ಅದರಲ್ಲಿದೆ. ಅವರ ಸ್ವಂತ ಕೃತಿಗಳ ಸಂಖ್ಯೆ ದೊಡ್ಡದಲ್ಲ. ರನ್ನನ ಕಾವ್ಯವನ್ನು ರಂಗಕ್ಕೆ ತಂದ ‘ಗದಾಯುದ್ಧ ನಾಟಕಂ’, ಗ್ರೀಕ್ ನಾಟಕಕಾರ ಸಾಫೊಕ್ಲಿಸ್‌ನ ಏಜಾಕ್ಸ್‌ನನ್ನು ಮಹಾಭಾರತದ ಅಶ್ವತ್ಥಾಮನನ್ನಾಗಿಸಿದ ‘ಅಶ್ವತ್ಥಾಮನ್’, ಈಸ್ಕಿಲಸ್‌ನ ನಾಟಕದಿಂದ ಬಂದ ‘ಪಾರಸಿಕರು’ ಅವುಗಳಲ್ಲಿ ಮುಖ್ಯ. ಹೊಸಗನ್ನಡಕ್ಕಾಗಿ ವಾದಿಸಿದವರೇ ‘ಅಶ್ವತ್ಥಾಮನ್’ ನಾಟಕವನ್ನು ಹಳಗನ್ನಡದ ಗತ್ತಿನಲ್ಲಿ ಬರೆದರು. ಹಳೆಯದನ್ನು ಬಿಡಬೇಕೆಂದು ಹೇಳಿದವರು ಹಳೆಯದನ್ನು ಅರೆದು ಕುಡಿದವರಾಗಿದ್ದರು.

1928ರಲ್ಲಿ ಕಲಬುರ್ಗಿಯಲ್ಲಿ ನಡೆದ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. 1930ರಿಂದ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಪಾಠ ಹೇಳಿದರು. 1938ರಲ್ಲಿ ಮೈಸೂರು ಮಹಾರಾಜರು ರಾಜಸೇವಾಸಕ್ತ ಎಂಬ ಬಿರುದು ಕೊಟ್ಟರು. ಅದೇ ವರ್ಷ ಸಾಹಿತ್ಯ ಪರಿಷತ್ತಿನ ಉಪಾಧ್ಯಕ್ಷರಾಗಿ, ಕಾಲೇಜಿನ ಮೆಟ್ಟಿಲು ಹತ್ತಲಾಗದವರಿಗೂ ಕನ್ನಡ ಕಲಿಸುವ ದಾರಿ ಹುಡುಕಿದರು. ಪರಿಷತ್ತು ನಡೆಸುವ ಕಾವ, ಜಾಣ ಪರೀಕ್ಷೆಗಳು, ಗಮಕ ತರಗತಿಗಳು, ‘ಕನ್ನಡ ನುಡಿ’ ಪತ್ರಿಕೆ ಆ ಕಾಲದ ಕೊಡುಗೆಗಳು. ವಿಶ್ವವಿದ್ಯಾನಿಲಯದ ಇಂಗ್ಲಿಷ್-ಕನ್ನಡ ನಿಘಂಟಿನ ಕೆಲಸಕ್ಕೂ ಅವರು ಮುಂದಾಳಾಗಿ ನಿಂತರು. 1941ರಲ್ಲಿ ಶಿಷ್ಯರು, ಗೆಳೆಯರು ಸೇರಿ ‘ಸಂಭಾವನೆ’ ಎಂಬ ಗ್ರಂಥವನ್ನು ಅವರಿಗೆ ಅರ್ಪಿಸಿದರು.

1942ರಲ್ಲಿ ನಿವೃತ್ತರಾದರು. ಮನೆಯಲ್ಲಿ ವಿಶ್ರಾಂತಿ ಪಡೆಯಬಹುದಿತ್ತು. 1944ರಲ್ಲಿ ಧಾರವಾಡದ ಕೆ.ಇ. ಬೋರ್ಡಿನವರ ಹೊಸ ಕಾಲೇಜಿಗೆ ಪ್ರಿನ್ಸಿಪಾಲರು ಬೇಕೆಂದಾಗ ಅರವತ್ತರ ವಯಸ್ಸಿನಲ್ಲಿ ಅಲ್ಲಿಗೆ ಹೋದರು. ಧಾರವಾಡ ಆಗ ಮುಂಬಯಿ ಪ್ರಾಂತದ ಊರು, ಮೈಸೂರಿನವರಿಗೆ ಬೇರೆ ಸರ್ಕಾರದ ನೆಲ. ತರುಣರಾಗಿ ಕನ್ನಡದ ಪರ ಮೊದಲು ದನಿ ಎತ್ತಿದ ಊರಿನಲ್ಲೇ ಕೊನೆಯ ಪಾಠಗಳನ್ನೂ ಹೇಳಿದರು. 1946ರ ಜನವರಿ 5ರಂದು, ಅರವತ್ತೆರಡು ತುಂಬಿದ ಎರಡು ದಿನಗಳ ಬಳಿಕ, ಅಲ್ಲೇ ತೀರಿಕೊಂಡರು. ಅವರು ದುಡಿದ ಇಂಗ್ಲಿಷ್-ಕನ್ನಡ ನಿಘಂಟು ಅದೇ ವರ್ಷ ಅಚ್ಚಾಗಿ ಹೊರಬಂತು. ಮೈಸೂರು, ಧಾರವಾಡ, ಕಲಬುರ್ಗಿ, ಮಂಗಳೂರು, ನಮ್ಮ ಕೊಡಗು ಒಂದೇ ರಾಜ್ಯವಾಗಿ ಸೇರಿದ್ದು 1956ರ ನವೆಂಬರ್ 1ರಂದು. ಅದನ್ನು ನೋಡಲು ಅವರು ಇರಲಿಲ್ಲ.

ಈ ಜೀವನದಿಂದ ವಿರಾಜಪೇಟೆಯವರಾದ ನಮಗೆ ಏನು? ನಮ್ಮ ಪೇಟೆಯ ಬಸ್ ನಿಲ್ದಾಣದಲ್ಲಿ ಅರ್ಧ ಗಂಟೆ ನಿಂತರೆ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಬ್ಯಾರಿ, ಕೊಂಕಣಿ, ತಮಿಳು, ಯರವ ನುಡಿ ಎಲ್ಲವೂ ಕಿವಿಗೆ ಬೀಳುತ್ತವೆ. ಹೆಚ್ಚಿನ ಮಕ್ಕಳು ಮನೆಯಲ್ಲಿ ಒಂದು, ಶಾಲೆಯಲ್ಲಿ ಇನ್ನೊಂದು, ಮುಂದೆ ಕೆಲಸಕ್ಕೆ ಮತ್ತೊಂದು ಭಾಷೆ ಕಲಿಯುತ್ತಾರೆ. ಇದನ್ನು ನಾವು ಹೊರೆಯೆಂದು ತಿಳಿದಿದ್ದೇವೆ. ಬಿ.ಎಂ.ಶ್ರೀ. ಅವರ ಬದುಕು ನೋಡಿದರೆ ಇದು ಬಂಡವಾಳ. ಇಂಗ್ಲಿಷಿನ ಆಳ ಓದು ಅವರನ್ನು ಕನ್ನಡದಿಂದ ದೂರ ಒಯ್ಯಲಿಲ್ಲ, ಕನ್ನಡಕ್ಕೆ ಏನು ಬೇಕೆಂದು ತೋರಿಸಿಕೊಟ್ಟಿತು. ಕನ್ನಡವನ್ನು ಹಾಗೆ ಓದಿದ ನಮ್ಮ ಮಗುವೊಂದು ನಾಳೆ ತನ್ನ ಮನೆಮಾತಿಗೂ ಅದೇ ಕೆಲಸ ಮಾಡಬಲ್ಲದು. ವ್ಯಾಕರಣ, ನಿಘಂಟು, ಹಾಡುಗಳ ಸಂಗ್ರಹ, ಪಠ್ಯಪುಸ್ತಕ ಇವೆಲ್ಲ ಯಾವ ನುಡಿಗೂ ತಾನಾಗಿ ಬರುವುದಿಲ್ಲ, ಓದಿದವರು ಕುಳಿತು ಮಾಡಬೇಕು.

ನನ್ನ ವೃತ್ತಿಯಿಂದಲೂ ಒಂದು ಉದಾಹರಣೆ ಕೊಡುತ್ತೇನೆ. ಮೊಬೈಲ್ ಪರದೆಯಲ್ಲಿ ಇಂಥವರಿಗೆ ಹಣ ಕಳುಹಿಸಲಾಗಿದೆ ಎಂದು ಕನ್ನಡದಲ್ಲಿ ತೋರಿಸಬೇಕೆನ್ನಿ. ಇಂಗ್ಲಿಷಿನಲ್ಲಿ ಹೆಸರಿನ ಮುಂದೆ ಒಂದು ಪದ ಇಟ್ಟರೆ ಮುಗಿಯಿತು. ಕನ್ನಡದಲ್ಲಿ ರಾಮ ಎಂಬುದು ರಾಮನಿಗೆ ಆಗುತ್ತದೆ, ಸೀತೆ ಸೀತೆಗೆ ಆಗುತ್ತದೆ, ಗುರು ಗುರುವಿಗೆ ಆಗುತ್ತದೆ. ಊರಿನ ಹೆಸರಾದರೆ ವಿರಾಜಪೇಟೆಗೆ, ಆದರೆ ಮೈಸೂರಿಗೆ. ಇದರ ನಿಯಮವನ್ನು ಕಂಪ್ಯೂಟರಿಗೆ ಹೇಳಿಕೊಡಬೇಕಾದರೆ ಇಂಜಿನಿಯರ್ ಒಬ್ಬನೇ ಸಾಲದು. ವಿಭಕ್ತಿ, ಸಂಧಿಗಳನ್ನು ಶಾಸ್ತ್ರವಾಗಿ ಓದಿದವರು ಪಕ್ಕದಲ್ಲಿ ಕುಳಿತಿರಬೇಕು. ಕಾಗುಣಿತ ತಿದ್ದುವ, ಓದಿ ಹೇಳುವ, ಅನುವಾದಿಸುವ ತಂತ್ರಾಂಶಗಳಿಗೂ ಇದೇ ಮಾತು. ಎಂಟನೆಯ ತರಗತಿಯಲ್ಲಿ ನಾವು ಬೇಸರದಿಂದ ಬರೆದ ವಿಭಕ್ತಿ ಪ್ರತ್ಯಯಗಳ ಪಟ್ಟಿ ನನಗೆ ಕಚೇರಿಯಲ್ಲಿ ಉಪಯೋಗಕ್ಕೆ ಬಂದಿದೆ.

ಹಾಗೆಂದು ಭಾಷೆ ಓದಿದವರಿಗೆಲ್ಲ ಕೆಲಸ ಕಾದಿದೆ ಎಂದು ನಾನು ಹೇಳಲಾರೆ. ಹುದ್ದೆಗಳು ತುಂಬದೆ ಉಳಿದರೆ, ಕಾಲೇಜುಗಳಲ್ಲಿ ಭಾಷಾ ವಿಭಾಗಗಳು ಸೊರಗಿದರೆ, ಆಸೆಪಟ್ಟು ಓದಿದ ಮಕ್ಕಳು ಬೀದಿಗೆ ಬೀಳುತ್ತಾರೆ. ಬಿ.ಎಂ.ಶ್ರೀ. ಕವಿತೆ ಬರೆದು ಸುಮ್ಮನಾಗಿದ್ದರೆ ಒಳ್ಳೆಯ ಕವಿ ಎನಿಸಿಕೊಳ್ಳುತ್ತಿದ್ದರು. ಅವರು ತರಗತಿ, ಪಠ್ಯ, ಪರೀಕ್ಷೆ, ನಿಘಂಟು ಎಲ್ಲಕ್ಕೂ ಕೈ ಹಾಕಿದ್ದರಿಂದಲೇ ಅವರ ಹಿಂದೆ ಒಂದು ಪೀಳಿಗೆ ನಿಂತಿತು. ಆ ಹೊಣೆ ಈಗ ಸರ್ಕಾರದ್ದು, ವಿಶ್ವವಿದ್ಯಾನಿಲಯಗಳದ್ದು, ಕೇಳಿ ಪಡೆಯಬೇಕಾದ ನಮ್ಮದೂ ಹೌದು.

ನಮ್ಮ ಕುಟುಂಬದ ಹುಡುಗಿ ಈಗ ಕನ್ನಡ ಎಂ.ಎ. ಮೊದಲ ವರ್ಷದಲ್ಲಿದ್ದಾಳೆ. ಪಂಪನ ಕಾವ್ಯ ಕಷ್ಟವೆಂದು ಫೋನಿನಲ್ಲಿ ದೂರುತ್ತಾಳೆ, ಬಿಡುವುದಿಲ್ಲ. ನಮ್ಮ ಶಾಲೆಯಲ್ಲಿ ಕನ್ನಡ, ಇಂಗ್ಲಿಷ್, ಹಿಂದಿ ಪಾಠ ಹೇಳಿ ಹೋದ ಎಲ್ಲ ಗುರುಗಳಿಗೆ ಈ ಲೇಖನದ ಮೂಲಕ ನಮಸ್ಕರಿಸುತ್ತೇನೆ. ಇನ್ನು ಮುಂದೆ ಹತ್ತನೆಯ ತರಗತಿ ಮುಗಿಸಿದ ಯಾವುದಾದರೂ ಮಗು ಭಾಷೆ ಓದುತ್ತೇನೆ ಎಂದರೆ, ಅಂಕ ಎಷ್ಟು ಬಂತು ಎಂದು ಕೇಳುವ ಮೊದಲು ಏನು ಓದಿದ್ದೀಯ, ಏನು ಇಷ್ಟವಾಯಿತು ಎಂದು ಕೇಳೋಣ ಎಂಬುದಷ್ಟೇ ಊರಿನ ಹಿರಿಯರಲ್ಲಿ ನನ್ನ ವಿನಂತಿ.